ಹವಳಕ್ಕೆ ಬೇಕಾದದ್ದು ಹದವರಿತ ಬೆಳಕು

ಹವಳ ಗಿಡವಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ಆದರೂ ಅದು ಬಿಸಿಲನ್ನು ನೆಚ್ಚಿ ಬದುಕುತ್ತದೆ. ಅದರ ಪಾರದರ್ಶಕ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಲಕ್ಷಗಟ್ಟಲೆ ಬಿಡಾರ ಹೂಡಿರುತ್ತವೆ. ಬೆಳಕಿನಿಂದ ಅವು ತಯಾರಿಸುವ ಆಹಾರದ ಬಹುಪಾಲು ಮನೆಯೊಡೆಯನಿಗೆ ಬಾಡಿಗೆಯಾಗಿ ಸಲ್ಲುತ್ತದೆ. ತೇಲಿಬರುವ ಸೂಕ್ಷ್ಮಜೀವಿಗಳನ್ನು ಹವಳ ತಾನಾಗಿ ಹಿಡಿದು ತಿನ್ನುವುದೂ ಉಂಟು. ಆದರೆ ಅದು ಉಪಾಹಾರವಷ್ಟೇ, ಊಟವಲ್ಲ. ಆದ್ದರಿಂದ ಕಡಲಿನಿಂದ ನೂರಾರು ಮೈಲಿ ದೂರದ ಕೋಣೆಯೊಂದರ ಗಾಜಿನ ತೊಟ್ಟಿಯಲ್ಲಿ ಹವಳ ಬೆಳೆಸಹೊರಟವರಿಗೆ ಉಪ್ಪುನೀರನ್ನು ಒದಗಿಸುವುದಕ್ಕಿಂತ ಸೂರ್ಯನನ್ನು ಒದಗಿಸುವುದೇ ಕಷ್ಟದ ಕೆಲಸ.

ಅಮೆರಿಕ ಮತ್ತು ಯುರೋಪಿನ ಹವ್ಯಾಸಿಗಳು ಬಹುಕಾಲ ಇದಕ್ಕೆ ಕಂಡುಕೊಂಡಿದ್ದ ಉತ್ತರ, ಕ್ರೀಡಾಂಗಣಗಳಲ್ಲಿ ಉರಿಯುತ್ತಿದ್ದ ಮೆಟಲ್ ಹಾಲೈಡ್ ದೀಪ. ನಾಲ್ಕಡಿ ಉದ್ದದ ತೊಟ್ಟಿಗೆ 250 ವಾಟ್‌ನ ಎರಡು ದೀಪಗಳು. ದಿನಕ್ಕೆ ಹತ್ತು ತಾಸು ಉರಿಸಿದರೆ 5 ಯೂನಿಟ್ ವಿದ್ಯುತ್. ಈ ದೀಪಗಳ ಶಾಖಕ್ಕೆ ನೀರು ಕಾಯುತ್ತದೆ. ಹವಳಕ್ಕೆ ಬೇಕಾದದ್ದು 25–26 ಡಿಗ್ರಿ ಸೆಲ್ಸಿಯಸ್. ಹಾಗಾಗಿ ನೀರು ತಣಿಸಲು ಮತ್ತೊಂದು ಯಂತ್ರ, ಅದಕ್ಕೆ ಮತ್ತಷ್ಟು ವಿದ್ಯುತ್. ಸಾಲದ್ದಕ್ಕೆ ಈ ದೀಪವನ್ನು ಹೊತ್ತಿಸಬಹುದು, ಆರಿಸಬಹುದು. ತಗ್ಗಿಸುವುದು ಮಾತ್ರ ಸುಲಭವಲ್ಲ.

ಪರಿಹಾರ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ನೀಲಿ ಬೆಳಕು ಚೆಲ್ಲುವ ಎಲ್‌ಇಡಿಗಾಗಿ ಜಪಾನಿನಲ್ಲಿ ಶ್ರಮಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಬಿಳಿ ದೀಪಕ್ಕೆ ದಾರಿ ತೆರೆದ ಈ ನೀಲಿಯೇ ಹವಳಕ್ಕೂ ಬೇಕಾದ ಬಣ್ಣವಾಗಿತ್ತು. ಸಮುದ್ರದ ನೀರು ಕೆಂಪನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿಯ ವರ್ಣದ್ರವ್ಯಗಳು ಆ ನೀಲಿಗೇ ಹೊಂದಿಕೊಂಡಿವೆ. 2006ರ ಸುಮಾರಿಗೆ ಕ್ರೀ ಕಂಪನಿಯ ಎಕ್ಸ್ಆರ್-ಇಯಂಥ ಪ್ರಬಲ ಎಲ್‌ಇಡಿಗಳು ಬಿಡಿಬಿಡಿಯಾಗಿ ಕೈಗೆ ಸಿಗತೊಡಗಿದವು. 2007ರಲ್ಲಿ ಅಮೆರಿಕದ ಆರ್ಬಿಟಲ್ ಟೆಕ್ನಾಲಜೀಸ್ ಸಂಸ್ಥೆ ಜಲಚರ ತೊಟ್ಟಿಗಳ ಎಲ್‌ಇಡಿ ದೀಪವ್ಯವಸ್ಥೆಗೆ ಪೇಟೆಂಟ್ ಪಡೆಯಿತು. ಸಿದ್ಧ ದೀಪಗಳು ದುಬಾರಿ, ಅವುಗಳ ಸುತ್ತ ಕಾನೂನಿನ ಜಗಳ ಬೇರೆ. ಬೆಸುಗೆ ಕಡ್ಡಿ ಹಿಡಿಯಬಲ್ಲವರು ತಮ್ಮ ಸೂರ್ಯನನ್ನು ತಾವೇ ಕಟ್ಟಿಕೊಳ್ಳಲು ಕುಳಿತರು.

ಕಟ್ಟುವ ಕ್ರಮ ಕಠಿಣವಲ್ಲ, ಆದರೆ ಶಿಸ್ತು ಬೇಡುತ್ತದೆ. ಬೆನ್ನಿಗೆ ಏಣುಗಳಿರುವ ದಪ್ಪ ಅಲ್ಯೂಮಿನಿಯಂ ಪಟ್ಟಿ ಇದರ ಅಡಿಪಾಯ. ಎಲ್‌ಇಡಿ ತಣ್ಣಗಿನ ದೀಪವೆಂಬುದು ಅರ್ಧಸತ್ಯ. ಅದು ಕೆಳಗಿನ ನೀರನ್ನು ಹೆಚ್ಚು ಕಾಯಿಸುವುದಿಲ್ಲ, ನಿಜ. ಆದರೆ ಅದರ ಬೆನ್ನು ಸುಡುತ್ತದೆ. ಆ ಶಾಖ ಲೋಹಕ್ಕೆ ಹರಿದು ಗಾಳಿಗೆ ಸೇರದಿದ್ದರೆ ದೀಪದ ಆಯುಷ್ಯ ಮುಗಿದಂತೆ. ಪಟ್ಟಿಗೂ ದೀಪಕ್ಕೂ ನಡುವೆ ಶಾಖ ದಾಟಿಸುವ ಲೇಪ ಹಚ್ಚಿ, ನೀಲಿ ಮತ್ತು ಬಿಳಿ ಎಲ್‌ಇಡಿಗಳನ್ನು ಬೆರೆಸಿ ಕೂರಿಸಬೇಕು. ಹನ್ನೆರಡು ಎಲ್‌ಇಡಿಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಎಂಬಂತೆ ಒಂದೇ ಸರವಾಗಿ ಬೆಸೆದರೆ, ಒಂದೊಂದಕ್ಕೆ ಸುಮಾರು 3.5 ವೋಲ್ಟ್‌ನಂತೆ ಸರಕ್ಕೆ 42 ವೋಲ್ಟ್ ಬೇಕು. ಇಂಥ ನಾಲ್ಕು ಸರಗಳನ್ನು 700 ಮಿಲಿಆಂಪಿಯರ್‌ನಲ್ಲಿ ಉರಿಸಿದರೆ ನಷ್ಟವೂ ಸೇರಿ 130 ವಾಟ್ ಆಸುಪಾಸು. ಹಿಂದಿನ 500 ವಾಟ್‌ಗೆ ಹೋಲಿಸಿದರೆ ಮಿಕ್ಕದ್ದು ಉಳಿತಾಯ.

ಇಲ್ಲಿ ವೋಲ್ಟ್‌ಗಿಂತ ಪ್ರವಾಹದ ಮೇಲೆ ಕಣ್ಣಿಡಬೇಕು. ಕಾದಷ್ಟೂ ಎಲ್‌ಇಡಿ ಬೇಡುವ ವೋಲ್ಟೇಜು ಇಳಿಯುತ್ತದೆ. ನಾವು ವೋಲ್ಟೇಜನ್ನು ಸ್ಥಿರವಾಗಿಟ್ಟರೆ ಪ್ರವಾಹ ಏರುತ್ತದೆ, ಏರಿದಂತೆ ಮತ್ತೆ ಕಾಯುತ್ತದೆ, ಕೊನೆಗೆ ಸುಡುತ್ತದೆ. ಆದ್ದರಿಂದ ಪ್ರವಾಹವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ‘ಡ್ರೈವರ್’ ಬೇಕೇ ಬೇಕು. ಮಬ್ಬಾಗಿಸುವ ಸೌಕರ್ಯವೂ ಈ ಡ್ರೈವರ್‌ನಲ್ಲೇ ಇರಬೇಕು. ಗೋಡೆಯ ಮೇಲಿನ ಫ್ಯಾನ್ ರೆಗ್ಯುಲೇಟರನ್ನು ತಂದು ಜೋಡಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ರೆಗ್ಯುಲೇಟರು ಮನೆಯ ವಿದ್ಯುತ್ತಿನ ಅಲೆಯನ್ನೇ ಕತ್ತರಿಸುತ್ತದೆ. ಅದಕ್ಕೆ ಸಿದ್ಧವಿಲ್ಲದ ಡ್ರೈವರು ಮಿಟುಕುತ್ತದೆ, ಕೆಲವೊಮ್ಮೆ ಸತ್ತೇಹೋಗುತ್ತದೆ. ಹವ್ಯಾಸಿಗಳಿಗೆ ಪ್ರಿಯವಾಗಿದ್ದ ಮೀನ್‌ವೆಲ್ ಕಂಪನಿಯ ಇಎಲ್‌ಎನ್ ಡ್ರೈವರಿನ ಒಂದು ಬಗೆ ಸೊನ್ನೆಯಿಂದ 10 ವೋಲ್ಟ್‌ವರೆಗಿನ ಪ್ರತ್ಯೇಕ ಸಂಕೇತಕ್ಕೆ ಮಣಿಯುತ್ತಿತ್ತು. ನಂತರ ಬಂದ ಪುಟ್ಟ ಎಲ್‌ಡಿಡಿ ಡ್ರೈವರು ದೀಪವನ್ನು ಸೆಕೆಂಡಿಗೆ ನೂರಾರು ಬಾರಿ ಹೊತ್ತಿಸಿ ಆರಿಸುವ ವಿಧಾನವನ್ನು ಒಪ್ಪುತ್ತದೆ. ಹೊತ್ತಿರುವ ಕಾಲ ಹೆಚ್ಚಾದರೆ ಬೆಳಕು ಹೆಚ್ಚು, ಕಡಿಮೆಯಾದರೆ ಮಬ್ಬು. ಕಣ್ಣಿಗೆ ಈ ಮಿಣುಕಾಟ ತಿಳಿಯದು. ಆರ್ಡುಯಿನೊದಂಥ ಅಗ್ಗದ ನಿಯಂತ್ರಕ ಫಲಕಕ್ಕೆ ನಾಲ್ಕು ಸಾಲು ಆಜ್ಞೆ ಬರೆದರೆ ಬೆಳಗಿನ ನಸುನೀಲಿ, ನಡುಹಗಲಿನ ಬಿಳುಪು, ಸಂಜೆಯ ಇಳಿಬೆಳಕು ಎಲ್ಲವೂ ತಾವಾಗಿಯೇ ಬಂದುಹೋಗುತ್ತವೆ.

ಈ ಮುಂಜಾವು–ಮುಸ್ಸಂಜೆಯ ನಾಟಕವೇ ಡಿಮ್ಮರಿನ ಪ್ರಯೋಜನವೆಂದು ನೋಡುವವರಿಗೆ ಅನ್ನಿಸುತ್ತದೆ. ಅದು ಅಲಂಕಾರ ಮಾತ್ರ. ನನ್ನ ದೃಷ್ಟಿಯಲ್ಲಿ ಡಿಮ್ಮರ್ ಇಲ್ಲದ ಎಲ್‌ಇಡಿ ದೀಪವನ್ನು ಹವಳದ ತೊಟ್ಟಿಯ ಮೇಲೆ ತೂಗುಹಾಕಲೇಬಾರದು. ಕಾರಣ ನಮ್ಮ ಕಣ್ಣೇ. ಮನುಷ್ಯನ ಕಣ್ಣು ಹಸಿರಿಗೆ ತೋರುವ ಸೂಕ್ಷ್ಮತೆಯನ್ನು ನೂರು ಎಂದುಕೊಂಡರೆ, ಹವಳಕ್ಕೆ ಪ್ರಿಯವಾದ 450 ನ್ಯಾನೊಮೀಟರಿನ ನೀಲಿಗೆ ತೋರುವುದು ನಾಲ್ಕರಷ್ಟು ಮಾತ್ರ. ನಮಗೆ ಮಂಕೆಂದು ಕಾಣುವ ನೀಲಿ ದೀಪದ ಕೆಳಗೆ ಹವಳ ಉರಿಬಿಸಿಲಲ್ಲಿ ನಿಂತಿರಬಹುದು. ಕಣ್ಣನ್ನೇ ಅನುಕರಿಸುವ ಲಕ್ಸ್ ಮೀಟರೂ ಇಲ್ಲಿ ಸುಳ್ಳು ಹೇಳುತ್ತದೆ. ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಬೆಳಕಿನ ಕಣಗಳು ಬೀಳುತ್ತವೆಂದು ಎಣಿಸುವ ಮಾಪಕವೇ ಬೇಕು. ಆ ಲೆಕ್ಕದಲ್ಲಿ ಉಷ್ಣವಲಯದ ಕಡಲಿನ ಮೇಲ್ಮೈಯಲ್ಲಿ ನಡುಹಗಲಿಗೆ 2,000 ಮೈಕ್ರೊಮೋಲ್ ಆಸುಪಾಸಿನ ಬೆಳಕಿರುತ್ತದೆ. ತೊಟ್ಟಿಯ ಮೆದು ಹವಳಗಳಿಗೆ 100 ಸಾಕು, ಕವಲೊಡೆದು ಬೆಳೆಯುವ ಕಲ್ಲುಹವಳಗಳಿಗೆ 200ರಿಂದ 350.

ಮಿತಿ ಮೀರಿದರೆ ಆಗುವುದೇನು? ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರ ಹೊರೆ ತಾಳಲಾರದೆ ವಿಷಕಾರಿ ಆಮ್ಲಜನಕ ರೂಪಗಳನ್ನು ಉಗುಳತೊಡಗುತ್ತದೆ. ಬಾಡಿಗೆದಾರನ ಸಹವಾಸವೇ ಬೇಡವೆಂದು ಹವಳ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಗಾಜಿನಂಥ ಚರ್ಮದ ಹಿಂದೆ ಬಿಳಿ ಎಲುಬು ಕಾಣುತ್ತದೆ. ಕೂಡಲೇ ಸಾಯದಿದ್ದರೂ ಉಪವಾಸ ಆರಂಭವಾದಂತೆಯೇ. ಮೆಟಲ್ ಹಾಲೈಡ್ ಕಿತ್ತು ಎಲ್‌ಇಡಿ ಹಾಕಿದವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಸಾಕಿದ ಹವಳಗಳನ್ನು ಕೆಲವೇ ದಿನಗಳಲ್ಲಿ ಹೀಗೆ ಬಿಳುಚಿಸಿದರು. ಹೊಸ ದೀಪವನ್ನು ಮೂರನೇ ಒಂದು ಭಾಗದ ಪ್ರಖರತೆಯಲ್ಲಿ ಆರಂಭಿಸಿ, ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸುತ್ತ ಒಂದೆರಡು ತಿಂಗಳು ಕಾಯಬೇಕೆಂಬ ಪದ್ಧತಿ ಬಂದದ್ದು ಇಂಥ ಅನುಭವದಿಂದಲೇ.

ತೊಟ್ಟಿಯಲ್ಲಿ ನಡೆಯುವ ಈ ದುರಂತವೇ ಸಮುದ್ರದಲ್ಲೂ ನಡೆಯುತ್ತಿದೆ. ಅಲ್ಲಿ ಮೊದಲ ಪೆಟ್ಟು ನೀರಿನ ಬಿಸಿಯದು. ಬಿಸಿಗೆ ಸೋತ ಪಾಚಿಗೆ ದಿನನಿತ್ಯದ ಬಿಸಿಲೂ ಅತಿಯಾಗುತ್ತದೆ. ನಮ್ಮ ಲಕ್ಷದ್ವೀಪದ ಹವಳ ದಿಬ್ಬಗಳು 1998, 2010, 2016ರಲ್ಲಿ ಬಿಳುಚಿಕೊಂಡವು, 2024ರಲ್ಲಿ ಮತ್ತೊಮ್ಮೆ. ಸಮುದ್ರದ ಸೂರ್ಯನಿಗೆ ಡಿಮ್ಮರ್ ಇಲ್ಲ.

ಹೀಗಿರುವಾಗ, ಅಳಿವಿನ ಅಂಚಿನಲ್ಲಿರುವ ಜೀವಿಯನ್ನು ಕೋಣೆಯಲ್ಲಿಟ್ಟು ಪ್ರಯೋಗ ಮಾಡುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ. ಅಮೆರಿಕದ ಹವ್ಯಾಸಿಗಳು ತೊಟ್ಟಿಯಲ್ಲೇ ಬೆಳೆದ ಹವಳದ ತುಂಡುಗಳನ್ನು ಕತ್ತರಿಸಿ ಗೆಳೆಯರಿಗೆ ಹಂಚುತ್ತಾರೆ, ದಾಸವಾಳದ ರೆಂಬೆ ಕೊಟ್ಟಂತೆ. ಒಳ್ಳೆಯ ದೀಪ ಬಂದ ಮೇಲೆ ಈ ಮನೆಬೆಳೆ ಸುಲಭವಾಯಿತು. ಕಡಲಿನಿಂದ ಕೀಳುವುದು ಅಲ್ಲೂ ಪೂರ್ತಿ ನಿಂತಿಲ್ಲ ಎನ್ನುವುದು ಬೇರೆ ಮಾತು. ಭಾರತದ ಸ್ಥಿತಿ ಇನ್ನೂ ಸ್ಪಷ್ಟ. 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವನ್ನೂ ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳೊಂದಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಆ ರಕ್ಷಣೆ ಇಂದಿಗೂ ಉಳಿದಿದೆ. ಕಾಯ್ದೆಯ ಕಣ್ಣಲ್ಲಿ ಹುಲಿಯನ್ನು ಹಿಡಿಯುವುದೂ ಒಂದೇ, ಮುರುಡೇಶ್ವರದಾಚೆಯ ನೇತ್ರಾಣಿಯಿಂದ ಹವಳ ಕೀಳುವುದೂ ಒಂದೇ. ಗುಟ್ಟಾಗಿ ಮಾರುವವರು ಸಿಕ್ಕಾರು. ಅವರ ಅಂಗಡಿಗೆ ಹೋಗದಿರುವುದೇ ಲೇಸು.

ಹಾಗೆಂದು ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಿ ಎಲ್‌ಇಡಿ, ಡ್ರೈವರುಗಳನ್ನು ಹುಡುಕುವ ಹುಡುಗ ಹುಡುಗಿಯರು ನಿರಾಶರಾಗಬೇಕಿಲ್ಲ. ಇದೇ ವಿದ್ಯುತ್ ಜಾಲದಲ್ಲಿ ನೀಲಿಯನ್ನು ಕಡಿಮೆಮಾಡಿ ಬಿಳಿ, ಕೆಂಪು ಎಲ್‌ಇಡಿಗಳನ್ನು ಹೆಚ್ಚಿಸಿದರೆ ಸಿಹಿನೀರಿನ ತೊಟ್ಟಿಯ ಜಲಸಸ್ಯಗಳಿಗೆ ಸೊಗಸಾದ ದೀಪವಾಗುತ್ತದೆ. ಅಲ್ಲೂ ಡಿಮ್ಮರ್ ಬೇಕು. ಬೆಳಕು ಅತಿಯಾದರೆ ಎರಡೇ ವಾರಗಳಲ್ಲಿ ಗಾಜಿನ ತುಂಬ ಬೇಡದ ಪಾಚಿ. ಉಪ್ಪುನೀರೇ ಬೇಕೆನ್ನುವವರಿಗೆ ಕ್ಲೌನ್ ಮೀನುಗಳಿವೆ. ಅವನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಾಧಿಸಿದೆ. ಹವಳವಿಲ್ಲದೆಯೂ ಅವು ತೊಟ್ಟಿಯಲ್ಲಿ ಚೆನ್ನಾಗಿ ಬಾಳುತ್ತವೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ದೀಪಕ್ಕೂ ನೀರಿಗೂ ನಡುವೆ ಅಕ್ರಿಲಿಕ್ ಹಾಳೆಯ ತಡೆಯಿರಲಿ, ಮನೆಯ ವಿದ್ಯುತ್ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ, ದೀಪಕ್ಕೆ ಇಳಿಯುವ ತಂತಿ ಒಂದು ಕಡೆ ಕುಣಿಕೆಯಂತೆ ಕೆಳಗೆ ಜೋತಿರಲಿ. ತಂತಿಗುಂಟ ಹರಿದ ಹನಿ ಪ್ಲಗ್ಗಿಗೆ ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ.