ಕಡಲಿನಿಂದ ಬಂದ ಕಾಗದ

ಅಕ್ಕ ತಂಗಿಯರೇ, ನಿಮ್ಮ ಟ್ರಂಕಿನಲ್ಲಿ ಹಳೇ ಕಾಗದಗಳು ಇವೆಯೆ? ಅವನ್ನು ಒಲೆಗೆ ಹಾಕಬೇಡಿ. ಯಾಕೆ ಅಂತೀರಾ? ಕೇಳಿ.

1971ರಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧ ನಡೆಯಿತು. ಖುಕ್ರಿ ಎಂಬುದು ನಮ್ಮ ನೌಕಾಪಡೆಯ ಹಡಗು. ಡಿಸೆಂಬರ್ 9ರ ರಾತ್ರಿ ಅದು ಗುಜರಾತಿನ ಬದಿಯ ದಿಯು ದ್ವೀಪದ ಆಚೆ ಅರಬ್ಬೀ ಸಮುದ್ರದಲ್ಲಿತ್ತು. ಪಾಕಿಸ್ತಾನದ ಜಲಾಂತರ್ಗಾಮಿ, ಅಂದರೆ ನೀರಿನೊಳಗೆ ಸಾಗುವ ಹಡಗು, ಅದನ್ನು ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಹಡಗು ಇಂದಿಗೂ ಕಡಲ ತಳದಲ್ಲಿದೆ. ಅದರ ಜೊತೆ ಮುಳುಗಿದವರ ದೇಹ ಮನೆಗೆ ಬರಲಿಲ್ಲ. ಇಂಥ ಮನೆಯಲ್ಲಿ ಉಳಿಯುವುದೇನು? ಒಂದು ಫೋಟೊ, ಒಂದು ಪದಕ, ನಾಲ್ಕು ಕಾಗದ. ಮಗು ಹೇಗಿದೆ, ದುಡ್ಡು ತಲುಪಿತೆ ಎಂಬ ಮಾತೇ ಅದರಲ್ಲಿ ಇರಬಹುದು. ಆದರೆ ಅಕ್ಷರ ಅವನದೇ. ಅಪ್ಪನ ಮುಖ ಕಾಣದ ಮಗು ದೊಡ್ಡದಾದ ಮೇಲೆ ಅದನ್ನು ಓದಬಹುದು.

ಹೆಂಡತಿಗೆ ಓದು ಬಾರದಿದ್ದರೆ? ಗಂಡನ ಮಾತನ್ನು ಬೇರೆಯವರ ಬಾಯಲ್ಲಿ ಕೇಳಬೇಕು. ಮನಸ್ಸಿನ ಮಾತನ್ನು ಬೇರೆಯವರ ಕೈಯಲ್ಲಿ ಬರೆಸಬೇಕು. ಆ ಕಷ್ಟ ನಿಮಗೆ ಇನ್ನಿಲ್ಲ.

ಕಾಗದ ಜೋಪಾನ ಮಾಡುವುದು ಹೀಗೆ:

ಮಡಿಕೆ ಬಿಡಿಸಿ ಇಡಿ. ಮಡಚಿದ ಕಡೆಯೇ ಕಾಗದ ಹರಿಯುತ್ತದೆ.
ಬಿಸಿಲು, ತೇವ, ಗೆದ್ದಲು ತಾಗದ ಕಡೆ ಇಡಿ.
ಹರಿದರೆ ಅಂಟುಪಟ್ಟಿ ಹಚ್ಚಬೇಡಿ. ಅದು ಕಲೆ ಮಾಡುತ್ತದೆ.
ಫೋಟೊ ಹಿಂದೆ ಪೆನ್ಸಿಲಿನಿಂದ ಹಗುರವಾಗಿ ಹೆಸರು, ಊರು, ವರ್ಷ ಬರೆಯಿರಿ.

ಬರೆಯಲು ಈಗ ನಿಮಗೇ ಬರುತ್ತದಲ್ಲ!