ಉತಾರದ ಹಿಂದಿನ ಸರ್ವರ್

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆಯ ರೈತರಿಗೆ ಪಹಣಿ ಅಂದರೆ ಇಂದಿಗೂ ಉತಾರ. ಒಂದು ಕಾಲಕ್ಕೆ ಅದು ತಲಾಟಿಯ ಕೈಬರಹದಲ್ಲಿರುತ್ತಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ರಾಜ್ಯದ 67 ಲಕ್ಷ ರೈತರ ಸುಮಾರು ಎರಡು ಕೋಟಿ ದಾಖಲೆಗಳು ಕಂಪ್ಯೂಟರಿಗೇರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲೇ ಮುದ್ರಿತ ಉತಾರ ಸಿಗತೊಡಗಿತು.

ಕೇಂದ್ರ ಸರ್ಕಾರದ ಎನ್‌ಐಸಿ ರೂಪಿಸಿದ ‘ಭೂಮಿ’ ತಂತ್ರಾಂಶ ನಿಂತದ್ದು ಮೈಕ್ರೋಸಾಫ್ಟ್‌ನ ವಿಂಡೋಸ್ ಮತ್ತು ಎಸ್‌ಕ್ಯುಎಲ್ ಸರ್ವರ್ ಮೇಲೆ. ಶುಲ್ಕವಿಲ್ಲದೆ ಸಿಗುವ ಮುಕ್ತ ತಂತ್ರಾಂಶ ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಅಂದರೆ ಅದೂ ಆಗ ಲಭ್ಯವಿತ್ತು. ಆದರೂ ವಿಂಡೋಸೇ ಯಾಕೆ? ಹಣಕ್ಕಿಂತ ಕನ್ನಡವೇ ಇದನ್ನು ನಿರ್ಧರಿಸಿತು ಎಂಬುದು ನನ್ನ ತಿಳಿವಳಿಕೆ. ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಮೂಡಬೇಕು, ಹೆಸರುಗಳು ಅಕಾರಾದಿಯಲ್ಲಿ ಕೂರಬೇಕು, ಪ್ರಿಂಟರ್ ಅದನ್ನು ಒಪ್ಪಬೇಕು. ಸರ್ಕಾರಿ ಕಚೇರಿಗಳು ಬಳಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಕೂಡ ವಿಂಡೋಸಿನದೇ. ಅಕ್ಷರ ಇದ್ದಲ್ಲಿಗೆ ಕಚೇರಿ ಹೋಯಿತು.

ಈ ಗಂಟನ್ನು ಸಡಿಲಿಸಿದ್ದು ಯೂನಿಕೋಡ್. ಅಕ್ಷರಕ್ಕೊಂದು ಜಾಗತಿಕ ಸಂಕೇತ ಸಿಕ್ಕ ಮೇಲೆ ಅದೇ ಉತಾರ ಯಾವ ಯಂತ್ರದಲ್ಲೂ ಕೆಡದೆ ತೆರೆದುಕೊಳ್ಳುತ್ತದೆ. ಅತ್ತ ಕೇರಳ ತನ್ನ ಸರ್ಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸ್ ಪಾಠವಾಯಿತು. 2015ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವೂ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿ ಹೊರಡಿಸಿತು. ಅದನ್ನು ಬಿಟ್ಟು ಬೇರೆಯದನ್ನು ಆರಿಸುವ ಇಲಾಖೆ ಕಾರಣ ಕೊಡಬೇಕು.

ಹಾಗಂತ ಉಚಿತವೆಂದರೆ ಖರ್ಚಿಲ್ಲ ಎಂದಲ್ಲ. ವಿಂಡೋಸ್ ಸರ್ವರ್ 2003ಕ್ಕೆ 2015ರ ಜುಲೈನಲ್ಲಿ ಭದ್ರತಾ ಪರಿಷ್ಕರಣೆ ನಿಂತಿತು. ಲೈಸೆನ್ಸ್ ಶುಲ್ಕವೇ ಇಲ್ಲದ, ಲಿನಕ್ಸ್‌ನದೇ ಒಂದು ರೂಪವಾದ ಸೆಂಟೋಸ್ 7ಕ್ಕೂ 2024ರ ಜೂನ್ 30ಕ್ಕೆ ಅದೇ ಗತಿ. ಒಂದರಲ್ಲಿ ಸರ್ವರಿಗೆ ಒಂದು ಲೈಸೆನ್ಸ್, ಅದನ್ನು ಬಳಸುವವರಿಗೆ ಮತ್ತೊಂದು. ಇನ್ನೊಂದರಲ್ಲಿ ನುರಿತ ಕೈಗಳಿಗೆ ಸಂಬಳ. ಆ ಸಂಬಳ ಗದಗ-ಬೆಟಗೇರಿಯ ಹುಡುಗ ಹುಡುಗಿಯರ ಕೈಸೇರಬಹುದು ಎಂಬ ಕಾರಣಕ್ಕೇ ನನ್ನ ಒಲವು ಮುಕ್ತ ತಂತ್ರಾಂಶದ ಕಡೆ. ಆದರೆ ನೋಡಿಕೊಳ್ಳುವವರನ್ನು ನೇಮಿಸದೆ ಬರಿಯ ಲೈಸೆನ್ಸ್ ಉಳಿತಾಯಕ್ಕಾಗಿ ಲಿನಕ್ಸ್ ಹಾಕಿಸುವ ಪುರಸಭೆಗಿಂತ, ಹಣ ಕೊಟ್ಟು ವಿಂಡೋಸನ್ನು ಸಕಾಲಕ್ಕೆ ಪರಿಷ್ಕರಿಸುವ ಪುರಸಭೆಯಲ್ಲಿ ಊರವರ ದಾಖಲೆ ಹೆಚ್ಚು ಸುರಕ್ಷಿತ.