ಅರವತ್ತೈದರಿಂದ ತೊಂಬತ್ತಕ್ಕೆ: ಹಳೆಯ ಹಗುರ ವಿಮಾನಗಳ ಎಂಜಿನ್ ಬದಲಾವಣೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಾಕ್ ಹೇವನ್ ಊರಿನಲ್ಲಿ ತಯಾರಾದ ಪೈಪರ್ ಜೆ-3 ಕಬ್ ಎಂಬ ಹಳದಿ ವಿಮಾನ ಹಗುರ ವಿಮಾನಗಳ ಇತಿಹಾಸದಲ್ಲೇ ಹೆಚ್ಚು ಪ್ರೀತಿ ಗಳಿಸಿದ್ದು. 1947ರಲ್ಲಿ ಅದರ ತಯಾರಿಕೆ ನಿಲ್ಲುವ ವೇಳೆಗೆ ಸುಮಾರು ಇಪ್ಪತ್ತು ಸಾವಿರ ಕಬ್‌ಗಳು ಹೊರಬಂದಿದ್ದವು. ಉಕ್ಕಿನ ಕೊಳವೆಗಳ ಅಸ್ಥಿಪಂಜರ, ಮೇಲೆ ಬಿಗಿದ ಬಟ್ಟೆ, ಒಂದರ ಹಿಂದೊಂದು ಎರಡು ಸೀಟು, ಮೂಗಿನಲ್ಲಿ 65 ಅಶ್ವಶಕ್ತಿಯ ಕಾಂಟಿನೆಂಟಲ್ ಎ-65 ಎಂಜಿನ್: ಅಷ್ಟೇ ಅದರ ಬಂಡವಾಳ. ತುಕ್ಕು ಹಿಡಿಯದಂತೆ ನೋಡಿಕೊಂಡು, ಕಾಲಕಾಲಕ್ಕೆ ಬಟ್ಟೆ ಬದಲಿಸಿದರೆ ಇಂಥ ವಿಮಾನ ತಲೆಮಾರುಗಳ ಕಾಲ ಹಾರುತ್ತದೆ. ಸವೆಯುವುದು ಎಂಜಿನ್. ಅದನ್ನು ಪೂರ್ತಿ ಬಿಚ್ಚಿ ಕೂಡಿಸುವ ಕಾಲ ಬಂದಾಗಲೆಲ್ಲ ಮಾಲೀಕರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಇದನ್ನೇ ದುರಸ್ತಿ ಮಾಡುವುದೋ, ಹೆಚ್ಚು ಶಕ್ತಿಯ ಇನ್ನೊಂದನ್ನು ಕೂರಿಸುವುದೋ? ಈ ಎರಡನೆಯ ದಾರಿಯ ಸುತ್ತ ಒಂದು ಕಸುಬೇ ಬೆಳೆದಿದೆ. ಅದನ್ನು ವಿರೋಧಿಸುವವರೂ ಇದ್ದಾರೆ, ಕಣ್ಣುಮುಚ್ಚಿ ಬೆಂಬಲಿಸುವವರೂ ಇದ್ದಾರೆ. ನನ್ನ ವಾದ ಇಷ್ಟು: ಬದಲಾವಣೆ ಸರಿಯೇ, ಆದರೆ ಅದು ವೇಗಕ್ಕಾಗಿ ಅಲ್ಲ, ಏರುವ ಸಾಮರ್ಥ್ಯಕ್ಕಾಗಿ. ಅದು ಮನಸ್ಸಿನಲ್ಲಿದ್ದರೆ ಯಾವ ಎಂಜಿನ್ ಆರಿಸಬೇಕು ಎಂಬುದೂ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ದೊಡ್ಡ ಎಂಜಿನ್ ಹಾಕಿದರೆ ವಿಮಾನ ವೇಗವಾಗಿ ಹೋಗುತ್ತದೆ ಎಂಬುದು ಎಲ್ಲರ ಮೊದಲ ಊಹೆ. ಗಾಳಿ ಇದಕ್ಕೆ ಒಪ್ಪುವುದಿಲ್ಲ. ವೇಗ ಹೆಚ್ಚಿದಂತೆ ಅದಕ್ಕೆ ಬೇಕಾದ ಶಕ್ತಿ ಸರಿಸುಮಾರು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 65ರ ಜಾಗದಲ್ಲಿ 85 ಅಶ್ವಶಕ್ತಿ ಕೂರಿಸಿದರೆ ಶಕ್ತಿ ಶೇ 30ರಷ್ಟು ಹೆಚ್ಚುತ್ತದೆ, ವೇಗ ಹೆಚ್ಚುವುದು ಶೇ 9ರಷ್ಟು ಮಾತ್ರ. ಗಂಟೆಗೆ 120 ಕಿಲೋಮೀಟರ್ ಹೋಗುತ್ತಿದ್ದ ಕಬ್ 131 ಹೋದೀತು. ಏರುವಿಕೆಯ ಲೆಕ್ಕವೇ ಬೇರೆ. ಸಮತಟ್ಟಾಗಿ ಹಾರಲು ಬೇಕಾದಷ್ಟು ಶಕ್ತಿಯನ್ನು ಕಳೆದು ಉಳಿಯುವುದಷ್ಟೇ ವಿಮಾನವನ್ನು ಮೇಲಕ್ಕೆತ್ತುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಎ-65ರ ಶಕ್ತಿಯಲ್ಲಿ ಪ್ರೊಪೆಲ್ಲರ್ ಗಾಳಿಗೆ ನಿಜವಾಗಿ ದಾಟಿಸುವುದು 42 ಅಶ್ವಶಕ್ತಿಯಷ್ಟು. ಅದರಲ್ಲಿ 25ರಷ್ಟು ಹಾರಾಟಕ್ಕೇ ಖರ್ಚಾಗಿ, ಏರಲು ಉಳಿಯುವುದು 17. ಅದೇ 85ರ ಎಂಜಿನ್‌ನಲ್ಲಿ ಉಳಿಯುವುದು 30. ಅಂದರೆ ಶೇ 30ರಷ್ಟು ಶಕ್ತಿ ಸೇರಿಸಿದ್ದಕ್ಕೆ ಏರುವ ವೇಗ ಶೇ 75ರಷ್ಟು ಹೆಚ್ಚುತ್ತದೆ. ಚಿಕ್ಕ ಹುಲ್ಲು ರನ್‌ವೇಯ ತುದಿಯಲ್ಲಿ ಮರಗಳಿದ್ದಾಗ ಈ ವ್ಯತ್ಯಾಸ ಪೈಲಟ್‌ಗೆ ಜೀವದ ಪ್ರಶ್ನೆ.

ನಮ್ಮ ನೆಲದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಜಕ್ಕೂರು ವಿಮಾನನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಅಲ್ಲಿನ ಗಾಳಿ ಐದೂವರೆ ಸಾವಿರ ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಅಂಥ ಗಾಳಿಯಲ್ಲಿ 65 ಅಶ್ವಶಕ್ತಿಯ ಎಂಜಿನ್ ಕೊಡುವುದು 54 ಮಾತ್ರ. ತೆಳುಗಾಳಿಯಲ್ಲಿ ಹಾರಲು ಬೇಕಾದ ಶಕ್ತಿಯೂ ಕೊಂಚ ಏರುವುದರಿಂದ, ಏರಲೆಂದು ಉಳಿದಿದ್ದ 17ರಲ್ಲಿ ಅರ್ಧದಷ್ಟೂ ಸಿಗುವುದಿಲ್ಲ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ್ ವಿಮಾನವನ್ನು ಇಲ್ಲಿ ನೆನೆಯಬೇಕು. 1958ರಲ್ಲಿ ಮೊದಲು ಹಾರಿದ ಇದು ಅಮೆರಿಕದ ಏರೋಂಕಾ ಚೀಫ್ ಮಾದರಿಯನ್ನು ಆಧರಿಸಿದ್ದು. ಎರಡನೇ ಮಹಾಯುದ್ಧದ ನಂತರದ ಚೀಫ್‌ಗೆ ಮೊದಲಿದ್ದದ್ದು 65 ಅಶ್ವಶಕ್ತಿ, ಮುಂದೆ ಸೂಪರ್ ಚೀಫ್‌ಗೆ ಬಂದದ್ದು 85. ಪುಷ್ಪಕ್‌ಗೆ ಕೂರಿಸಿದ್ದು 90 ಅಶ್ವಶಕ್ತಿಯ ಕಾಂಟಿನೆಂಟಲ್ ಸಿ-90. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಮೊದಲ ಪಾಠ ಕಲಿತದ್ದು ಇದರಲ್ಲೇ. ಹೆಚ್ಚುಕಡಿಮೆ ಅದೇ ಬಗೆಯ ಒಡಲು 65ರಿಂದ 90ಕ್ಕೆ ಬಂದ ಈ ಹಾದಿಯನ್ನೇ ಇಂದು ಕಬ್‌ನ ಮಾಲೀಕರು ತುಳಿಯುತ್ತಿರುವುದು.

ಹಾಗಾದರೆ ಯಾವ ಎಂಜಿನ್? ಕಾಂಟಿನೆಂಟಲ್‌ನ ಎ-65, ಸಿ-85, ಸಿ-90, ಒ-200 ಒಂದೇ ಮನೆತನದವು. ಎಲ್ಲಕ್ಕೂ ಎದುರುಬದುರು ಮಲಗಿದ ನಾಲ್ಕು ಸಿಲಿಂಡರ್, ಗಾಳಿಯಿಂದಲೇ ತಂಪು, ಎರಡು ಮ್ಯಾಗ್ನೆಟೊ. 2.8 ಲೀಟರ್ ಇದ್ದ ಸಿಲಿಂಡರ್‌ಗಳ ಒಟ್ಟು ಗಾತ್ರ 3.1ಕ್ಕೆ, ಆಮೇಲೆ 3.3ಕ್ಕೆ ಬೆಳೆಯಿತು. ಇಲ್ಲಿ ಸಂಖ್ಯೆಯೊಂದನ್ನೇ ನೋಡಿದವರು ಮೋಸಹೋಗುತ್ತಾರೆ. ಒ-200 ತನ್ನ 100 ಅಶ್ವಶಕ್ತಿ ಕೊಡುವುದು ನಿಮಿಷಕ್ಕೆ 2,750 ಸುತ್ತು ತಿರುಗಿದಾಗ. ಸಿ-90 ತನ್ನ 90ನ್ನು 2,475ರಲ್ಲೇ ಕೊಡುತ್ತದೆ. ಕಬ್ ನಿಧಾನದ ವಿಮಾನ. ಅದರ ಪ್ರೊಪೆಲ್ಲರ್‌ನ ಅಲಗುಗಳ ಕೋನವೂ ಬದಲಾಗದು. ಏರುವಾಗ ಎಂಜಿನ್ ಪೂರ್ಣ ಸುತ್ತುಗಳನ್ನು ಮುಟ್ಟುವುದೇ ಕಷ್ಟ. ಎರಡೂ ಎಂಜಿನ್‌ಗಳ ಗಾತ್ರ ಒಂದೇ ಆದರೂ ಸಿ-90ರ ಕ್ಯಾಮ್‌ಶಾಫ್ಟ್ ಕಡಿಮೆ ಸುತ್ತಿನಲ್ಲಿ ಹೆಚ್ಚು ತಿರುಗುಬಲ ಕೊಡುವಂಥದ್ದು. ನೀರಿನ ಮೇಲಿಂದ ಏಳಬೇಕಾದ ತೇಲುವಿಮಾನಗಳವರು ಅದನ್ನು ಹುಡುಕಿಕೊಂಡು ಹೋಗುವುದು ಇದಕ್ಕೇ. ನನ್ನ ಆಯ್ಕೆಯೂ ಅದೇ, ಸಿಕ್ಕರೆ. ಸಿಗದವರಿಗೆ ಕಸುಬುದಾರರು ಇನ್ನೊಂದು ಜಾಣ ದಾರಿ ಕಂಡುಕೊಂಡಿದ್ದಾರೆ: ಸಿ-85ರ ಒಡಲೊಳಗೆ ಒ-200ರ ಕ್ರ್ಯಾಂಕ್‌ಶಾಫ್ಟ್, ಅದಕ್ಕೊಪ್ಪುವ ರಾಡ್ ಮತ್ತು ಪಿಸ್ಟನ್ ಕೂರಿಸುವುದು. ಪಿಸ್ಟನ್ ಓಡುವ ದೂರ 92 ಮಿಲಿಮೀಟರ್‌ನಿಂದ 98ಕ್ಕೆ ಹೆಚ್ಚುತ್ತದೆ, ತಿರುಗುಬಲವೂ ಹೆಚ್ಚುತ್ತದೆ. ಕಾಗದದ ಮೇಲೆ ಮಾತ್ರ ಅದು ಇಂದಿಗೂ 85 ಅಶ್ವಶಕ್ತಿಯದೇ. ಅಮೆರಿಕದಲ್ಲಿ ಇಂಥ ಪ್ರತಿಯೊಂದು ಬದಲಾವಣೆಗೂ ಎಸ್‌ಟಿಸಿ ಎಂಬ ಪೂರಕ ಪ್ರಮಾಣಪತ್ರವೋ ಅಂಥದೇ ಅನುಮೋದನೆಯೋ ಬೇಕು. ನಮ್ಮಲ್ಲಾದರೆ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಒಪ್ಪಬೇಕು.

ವಿರೋಧಿಸುವವರ ಬಲವಾದ ಆಕ್ಷೇಪ ತೂಕದ್ದು. ಕಬ್ ಹೊರಬಹುದಾದ ಒಟ್ಟು ತೂಕ 553 ಕಿಲೋ. ಖಾಲಿ ವಿಮಾನವೇ ಸಾಮಾನ್ಯವಾಗಿ 345 ಕಿಲೋ ಆಸುಪಾಸು, 45 ಲೀಟರ್ ಇಂಧನಕ್ಕೆ ಇನ್ನೂ 33. ಉಳಿಯುವ 175 ಕಿಲೋದಲ್ಲಿ 85 ಕಿಲೋದ ಇಬ್ಬರು ಕೂತರೆ ಮಿಗುವುದು ಐದೇ ಕಿಲೋ. ಎಂಜಿನ್ ದೊಡ್ಡದಾದ ಮಾತ್ರಕ್ಕೆ ಈ ಮಿತಿ ಏರುವುದಿಲ್ಲ, ಮೀರಬಾರದ ಗರಿಷ್ಠ ವೇಗವೂ ಬದಲಾಗುವುದಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ತೂಕ ಏರಿಸುವುದು ಎಂಜಿನ್‌ಗಿಂತ ಹೆಚ್ಚಾಗಿ ಅದರ ಬೆನ್ನಿಗೆ ಬರುವ ಸ್ಟಾರ್ಟರ್, ಜನರೇಟರ್, ಬ್ಯಾಟರಿಗಳು. ಅವೆಲ್ಲ ಸೇರಿದರೆ 20 ಕಿಲೋ ಸುಲಭವಾಗಿ ದಾಟುತ್ತದೆ, ಗಳಿಸಿದ ಏರುವಿಕೆಯಲ್ಲಿ ಒಂದು ಪಾಲು ಹಾಗೆಯೇ ಹೋಗುತ್ತದೆ. ಸಿ-90-8 ಎಂಬ ಹೆಸರಿನ ಕೊನೆಯ ಎಂಟು ಸ್ಟಾರ್ಟರ್ ಇಲ್ಲದ, ಕೈಯಿಂದಲೇ ಪ್ರೊಪೆಲ್ಲರ್ ತಿರುಗಿಸಿ ಚಾಲೂ ಮಾಡುವ ಮಾದರಿಯ ಗುರುತು. ಪುಷ್ಪಕ್‌ನದೂ ಅದೇ ಸಾಲಿನದು. ಕಬ್‌ಗೆ ಒಪ್ಪುವುದೂ ಅದೇ. ಇಂಧನದ ಆಕ್ಷೇಪ ಅಷ್ಟು ಗಟ್ಟಿಯಲ್ಲ. ಗಂಟೆಗೆ 15 ಲೀಟರ್ ಕುಡಿಯುತ್ತಿದ್ದಲ್ಲಿ 20 ಕುಡಿದರೆ ಮೂರು ಗಂಟೆಯ ಹಾರಾಟ ಎರಡೂಕಾಲು ಗಂಟೆಗೆ ಇಳಿಯುತ್ತದೆ ನಿಜ. ಆದರೆ ಏರಿದ ಮೇಲೆ ಥ್ರಾಟಲ್ ಹಿಂದಕ್ಕೆಳೆದು ಹಳೆಯ ವೇಗದಲ್ಲೇ ಸಾಗಿದರೆ ಖರ್ಚೂ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೇ ಬರುತ್ತದೆ.

ಇನ್ನು ಮೂಲರೂಪ ಕೆಡುತ್ತದೆಂಬ ಕೊರಗು. ಇದನ್ನು ಹಗುರವಾಗಿ ಕಾಣುವಂತಿಲ್ಲ, ಚರಿತ್ರೆಯ ವಸ್ತುವಿನ ಮೇಲಿನ ಪ್ರೀತಿಯಿಂದ ಬಂದ ಮಾತು ಅದು. ಆದರೆ ಕಬ್‌ನ ಮೂಲರೂಪದಲ್ಲಿ ಎಂಜಿನ್ ಎಂದೂ ಒಂದೇ ಆಗಿರಲಿಲ್ಲ. ಜೆ-3 ಹೊರಟದ್ದು 40 ಅಶ್ವಶಕ್ತಿಯಿಂದ. 50 ದಾಟಿ 65ಕ್ಕೆ ಬಂತು. ಕಾಂಟಿನೆಂಟಲ್ ಅಲ್ಲದೆ ಲೈಕಮಿಂಗ್, ಫ್ರಾಂಕ್ಲಿನ್ ಎಂಜಿನ್‌ಗಳೂ ಕಾರ್ಖಾನೆಯಿಂದಲೇ ಕೂತು ಬಂದವು. ಅದರ ಮುಂದಿನ ಪೀಳಿಗೆಯ ಪಿಎ-11 ವಿಮಾನವನ್ನು ಪೈಪರ್ ಕಂಪನಿಯೇ 90 ಅಶ್ವಶಕ್ತಿಯಲ್ಲೂ ಮಾರಿತು, ಸೂಪರ್ ಕಬ್ 150ರವರೆಗೆ ಹೋಯಿತು. ಯುದ್ಧದಲ್ಲಿ ಹಾರಿದ್ದಕ್ಕೆ ದಾಖಲೆಯಿರುವ, ತನ್ನ ಮೊದಲ ಎಂಜಿನ್ ಇನ್ನೂ ಉಳಿಸಿಕೊಂಡಿರುವ ಕಬ್ ಸಿಕ್ಕರೆ ಅದನ್ನು ಮುಟ್ಟಬಾರದು ಎಂದೇ ನಾನೂ ಹೇಳುತ್ತೇನೆ. ಉಳಿದವುಗಳಲ್ಲಿ ಬದಲಾವಣೆ ಮಾಡಿದರೂ ಹಿಂದಿರುಗುವ ದಾರಿ ಮುಚ್ಚುವುದಿಲ್ಲ. ಈ ಮನೆತನದ ಎಂಜಿನ್‌ಗಳು ಒಂದೇ ಬಗೆಯ ನಾಲ್ಕು ಬೋಲ್ಟ್‌ಗಳ ಮೇಲೆ ಕೂರುತ್ತವೆ. ಉಕ್ಕಿನ ಕೊಳವೆಗಳನ್ನು ಕೊಯ್ಯಬೇಕಿಲ್ಲ. ಇಳಿಸಿದ ಎ-65ರ ಸಿಲಿಂಡರ್‌ಗಳಿಗೆ ತುಕ್ಕುನಿರೋಧಕ ಎಣ್ಣೆ ಬಿಟ್ಟು, ಅದರ ಲಾಗ್‌ಬುಕ್‌ನೊಂದಿಗೆ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟರೆ ಮುಂದಿನ ಮಾಲೀಕ ಬಯಸಿದ ದಿನ ಅದನ್ನು ಮತ್ತೆ ಕೂರಿಸಬಹುದು.